ಅಂಟು ಕಾಣದ ಕಾಗದ

“ಏಯ್, ಆ ಕುರ್ಚಿ ಮುಟ್ಬೇಡ, ಹೊಸ ಬಟ್ಟೆ ಹಾಕ್ಸಿದೀವಿ. ಗೋಡೆಗೂ ಒರಗ್ಬೇಡ ಮಾರಾಯ್ತಿ! ಗಾಜು ಅದು, ಕೈಗುರುತು ಬೀಳತ್ತೆ.”

ನಗರಸಭೆಯ ಜವಾನ ಗದರಿದಾಗ ಇಬ್ಬರು ಸದಸ್ಯರು ಕಿಸಕ್ಕನೆ ನಕ್ಕರು. ಗೋಣಿಯಕ್ಕ ಏನನ್ನೂ ಮುಟ್ಟದೆ ನಡುವೆ ನಿಂತಳು. ಇಪ್ಪತ್ತೆರಡು ವರ್ಷದಿಂದ ಇದೇ ಕಟ್ಟಡದ ಕಸವನ್ನು ಹಿಂದಿನ ಬಯಲಿನಲ್ಲಿ ಆರಿಸಿ ಗೋಣಿಗೆ ತುಂಬಿದವಳು. ಬಯಲಿನ ವಿಷಯ ಸಭೆಗೆ ಬರುತ್ತದೆಂದು ಕೇಳಿ, ಮುಂಬಾಗಿಲಿನಿಂದ ಒಳಗೆ ಕಾಲಿಟ್ಟದ್ದು ಇವತ್ತೇ ಮೊದಲು.

ಅಧ್ಯಕ್ಷರು ನಕ್ಷೆಯ ಹಸಿರು ಚೌಕಕ್ಕೆ ಕೋಲು ತಾಗಿಸಿದರು. “ಇದು ಹಿಂದಿರೋ ಖಾಲಿ ಜಾಗ. ಸಮುದಾಯ ಅನುದಾನ ಬಂದಿದೆ. ವಾಹನ ನಿಲ್ಲಿಸೋ ಜಾಗ, ಪಕ್ಕದಲ್ಲಿ ಹಿರಿಯರಿಗೆ ಓಡಾಡೋ ದಾರಿ.”

“ಖಾಲಿ ಹೆಂಗಾಗತ್ತೆ ಸ್ವಾಮಿ?” ಗೋಣಿಯಕ್ಕನ ಬಾಯಿಂದ ಬಂದೇಬಿಟ್ಟಿತು. “ಹತ್ತೊಂಬತ್ತು ಹೆಂಗಸ್ರು ಅಲ್ಲೇ ಕಸ ಆರಿಸ್ತೀವಿ, ಅಲ್ಲೇ ಮಲಗ್ತೀವಿ. ನನ್ನ ಸೊಸೆ ಹೆತ್ತಿದ್ದೂ ಅಲ್ಲೇ.”

“ಹೆರೋಕೆ ಆಸ್ಪತ್ರೆ ಕಟ್ಸಿದೀವಲ್ಲಮ್ಮ!” ಎಂದರು ಯಾರೋ. ಮತ್ತೆ ನಗು.

ಭೂಮಿ ವಿಭಾಗದ ಅಧಿಕಾರಿ ಕಡತ ಬಿಚ್ಚಿದ. “ಮುನ್ನೂರು ನೋಟಿಸು ಅಚ್ಚು ಹಾಕ್ಸಿ ನಿಮ್ಮ ಬಯಲಿನ ಸುತ್ತ ಗೋಡೆಗೋಡೆಗೂ ಅಂಟಿಸಿದ್ವಿ. ಹಳದಿ ಕಾಗದ. ತಕರಾರಿದ್ರೆ ಹೇಳೋಕೆ ಮೂವತ್ತು ದಿನ. ಒಬ್ಬಳಾದ್ರೂ ತುಟಿಪಿಟಕ್ ಅಂದ್ಳಾ?”

ಹಳದಿ ಎಂದದ್ದೇ ತಡ, ಗೋಣಿಯಕ್ಕನ ಬೆರಳ ತುದಿ ಜುಮ್ಮೆಂದಿತು.

ಅವಳಿಗೆ ಓದು ಬಾರದು. ಕಾಗದವನ್ನು ಮುಟ್ಟಿ ತಿಳಿಯುವವಳು. ಗೋಡೆಯಿಂದ ಕಿತ್ತದ್ದಾದರೆ ಬೆನ್ನಿನಲ್ಲಿ ಅಂಟು ಒಣಗಿ ಬೆರಳಿಗೆ ತರಚುತ್ತದೆ. ಅದನ್ನು ಕಾಗದದ ಗಿರಣಿಯವರು ತೆಗೆದುಕೊಳ್ಳುವುದಿಲ್ಲ, ಎಸೆಯಬೇಕು. ಎರಡು ತಿಂಗಳ ಹಿಂದೆ ಈ ಕಟ್ಟಡದ ಕಸದಲ್ಲಿ ಹಳದಿಯ ದಪ್ಪ ಕಟ್ಟೊಂದು ಬಂದಿತ್ತು. ದಾರ ಕೂಡ ಬಿಚ್ಚಿರಲಿಲ್ಲ. ಬೆನ್ನು ನುಣ್ಣಗಿತ್ತು. “ಎಂಥಾ ಚೊಕ್ಕ ಕಾಗದ ಕೊಟ್ಟವ್ರೆ ಪುಣ್ಯಾತ್ಮರು,” ಎಂದು ಹರಸಿ ತಾನೇ ಗೋಣಿಗೆ ತುರುಕಿದ್ದಳು.

“ಟೀ ಆದ್ಮೇಲೆ ಕೈ ಎತ್ತೋಣ,” ಅಂದರು ಅಧ್ಯಕ್ಷರು.

ಅವಳು ಎದ್ದೆನೋ ಬಿದ್ದೆನೋ ಎಂದು ಬಯಲಿಗೆ ಓಡಿದಳು. ಬಣ್ಣದ ಕಾಗದದ ಗೋಣಿ ಪೂರ್ತಿ ತುಂಬದೆ ಲಾರಿ ಹತ್ತುವುದಿಲ್ಲ. ಇನ್ನೂ ಮೂಲೆಯಲ್ಲೇ ಇತ್ತು. ಸುರಿದು, ಪ್ಲಾಸ್ಟಿಕ್ ಆರಿಸುತ್ತಿದ್ದ ಸೊಸೆಯ ಕೈಗೆ ಹಳದಿ ಹಾಳೆ ಹಿಡಿಸಿದಳು. “ಓದೇ.”

ಸೊಸೆ ಅರ್ಧಕ್ಕೇ ನಿಲ್ಲಿಸಿದಳು. “ಅತ್ತೆ, ಇದು ನಮ್ಮ ಬಯಲು. ಇಷ್ಟು ದಿನ ಇದು ನಮ್ಮ ತಲೆ ಹತ್ರಾನೇ ಇತ್ತಾ?”

“ನಾನೇ ತುಂಬಿದ್ದು ಕಣೇ. ಈ ಕೈಗೆ ಬೆಂಕಿ ಹಾಕ.”

“ಆ ಹಲ್ಕಟ್ ನನ್ಮಕ್ಕಳ ಕೈಗೆ ಹಾಕ್ಲಿ. ನೀವು ನಡೀರಿ, ನಾನು ಬಂದೆ.”

ಗೋಣಿ ಹೊತ್ತು ಮರಳಿದಾಗ ಸಭೆಯ ಬಾಗಿಲು ಮುಚ್ಚಿತ್ತು. ಜವಾನ ಸಂದಿಯಿಂದ ಇಣುಕಿದ. “ಮುಗೀತು. ಟೀ ಬರೋಕೆ ಮುಂಚೇನೇ ಕೈ ಎತ್ತಿದ್ರು. ಬೆಳಿಗ್ಗೆ ಬುಲ್ಡೋಜರ್ ಬರತ್ತೆ.”

“ಒಂದ್ಸಲ ಇದರ ಬೆನ್ನು ಮುಟ್ಟಿ ನೋಡಪ್ಪಾ. ಅಂಟೇ ಕಂಡಿಲ್ಲ ಇದು.”

“ಹೋಗೇ, ಕಸದ ಮುಂಡೇದೆ.” ಚಿಲಕ ಬಿತ್ತು.

ಅವಳು ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಗಾಜಿನಾಚೆ ಲೋಟಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಅಷ್ಟರಲ್ಲಿ ಹಬೆಯಾಡುವ ಬಕೆಟ್ ಹಿಡಿದು ಸೊಸೆ ಬಂದಳು, ಬೆನ್ನಿಗೆ ಉಳಿದ ಹೆಂಗಸರೆಲ್ಲ. ಬಕೆಟ್ಟಿನಲ್ಲಿ ಮೈದಾ ಕುದಿಸಿದ ಅಂಟು.

ಗೋಣಿಯಕ್ಕ ಒಂದು ಹಾಳೆಯ ಬೆನ್ನು ತಿರುಗಿಸಿದಳು. ಕೈ ತಡೆಯಿತು, ಚೊಕ್ಕ ಕಾಗದ ಕೆಡಿಸಿ ಗೊತ್ತಿಲ್ಲದ ಕೈ.

“ಬೆನ್ನಿಗಲ್ಲ ಅತ್ತೆ, ಅಕ್ಷರದ ಕಡೆಗೇ ಬಳೀರಿ,” ಅಂದಳು ಸೊಸೆ. “ಓದಬೇಕಾದೋರು ಒಳಗವ್ರೆ.”

ಬಳಿದು ಗಾಜಿಗೆ ಮೆತ್ತಿದಳು. ಪಕ್ಕಕ್ಕೆ ಇನ್ನೊಂದು. ಹತ್ತೊಂಬತ್ತು ಹೆಂಗಸರ ಕೈ ಓಡಿತು. ಒಳಗೆ ಲೋಟಗಳು ನಿಂತವು. ಅಧಿಕಾರಿ ಗಾಜು ಗುದ್ದುತ್ತ ಏನೋ ಕೂಗಿದ. ಬಾಯಿ ಮಾತ್ರ ಕಂಡಿತು, ಆಮೇಲೆ ಅದೂ ಮರೆಯಾಯಿತು. ಕೊನೆಗೆ ಉಳಿದದ್ದು ಒಂದು ಹಾಳೆಯಷ್ಟು ಗಾಜು, ಅದರಾಚೆ ಅಧ್ಯಕ್ಷರ ಮುಖ.

ಗೋಣಿಯಕ್ಕ ಅಲ್ಲಿಗೂ ಒಂದು ಹಚ್ಚಿ, ಸುಕ್ಕು ಉಳಿಯದ ಹಾಗೆ ಅಂಗೈಯಿಂದ ನಿಧಾನವಾಗಿ ಸವರಿದಳು.

“ಅಂಟಿಸಿದ್ದು ಇವತ್ತು,” ಅಂದಳು. “ಇವತ್ತಿಂದ ಮೂವತ್ತು ಎಣಿಸ್ಕೊಳ್ಳಿ.”