ದೋಣಿಗೆ ಮೊದಲ ಏಟು

ಕೇಳಿ ಸ್ವಾಮಿ, ಆ ಅಧಿಕಾರಿಯ ಬೆವರಿಳಿಸಿದವನು ನಾನೇ. ಕೊಡಲಿಗೂ ನಮ್ಮ ದೋಣಿಗೂ ಮಧ್ಯೆ ಎದೆಯೊಡ್ಡಿ ನಿಂತು, "ದೋಣಿ ಮುಟ್ಟಬೇಕಂದ್ರೆ ಮೊದಲು ನನ್ನನ್ನ ದಾಟ್ಬೇಕು!" ಅಂದೆ. ದಡವೆಲ್ಲ ಗಪ್‌ಚುಪ್. ಹಿನ್ನೆಲೆ ಸಂಗೀತ ಒಂದೇ ಬಾಕಿ. ಎಲ್ಲರೂ ನನ್ನನ್ನು 'ಡೈಲಾಗು' ಅಂತ ಸುಮ್ಮನೆ ಕರೆಯುತ್ತಾರೆಯೇ?

ವಿಷಯ ಇಷ್ಟೇ. ಕರೆಂಟಿಗಾಗಿ ಸಮುದ್ರದ ಮಧ್ಯೆ ಗಾಳಿ ಕಂಬಗಳು ಎದ್ದಿವೆ. ಮೀನಿದ್ದ ಜಾಗಕ್ಕೆಲ್ಲ ಈಗ ದೋಣಿ ಹೋಗುವಂತಿಲ್ಲ. ಅದಕ್ಕೆ ಸರ್ಕಾರ ಪರಿಹಾರ ಕೊಡುತ್ತದೆ. ಷರತ್ತು ಒಂದೇ: ಅಧಿಕಾರಿಯ ಕಣ್ಣೆದುರು ಮನೆಯವರೇ ದೋಣಿ ಒಡೆಯಬೇಕು.

ಹಿಂದಿನ ಸಂಜೆ ಅಪ್ಪ ದೋಣಿಯ ಪಕ್ಕ ಕೂತು, ಹಲಗೆಯ ಸಂದಿಗೆ ಹತ್ತಿ ತುರುಕಿ ಟಾರು ಮೆತ್ತುತ್ತಿದ್ದ.

"ಅಪ್ಪಾ, ನಾಳೆ ಒಡೆಯೋ ದೋಣಿಗೆ ಇವತ್ತು ಮೇಕಪ್ಪಾ?"

"ಸೋರೋ ದೋಣಿ ಇಟ್ಕೊಂಡಿದ್ದ ಅಂತ ನಾಳೆ ಬರೋರು ಅಂದ್ಕೋಬಾರದು ಕಣೋ."

"ನೀನು ಒಡೀಬೇಡ. ನಾಳೆ ನಾನು ಬಿಡ್ತೀನಿ ನೋಡು ಒಂದು ಡೈಲಾಗು!"

ಅಮ್ಮ ಬಾಗಿಲಿಂದಲೇ ಕೂಗಿದಳು: "ಬಿಡಪ್ಪಾ, ಬಿಡು. ಅದನ್ನೇ ಒಲೆ ಮೇಲಿಡ್ತೀನಿ, ಬೆಂದ್ರೆ ಉಣ್ಣೋಣ. ಅಕ್ಕಿ ಬೇಳೆ ಡಬ್ಬಗಳೆಲ್ಲ ಬೋರಲು ಬಿದ್ದಿವೆ."

ಬೆಳಿಗ್ಗೆ ಅಧಿಕಾರಿ ಬೂಟು ಕೈಯಲ್ಲಿ ಹಿಡಿದು, ಮರಳಲ್ಲಿ ಕಾಲೆಳೆಯುತ್ತಾ ಬಂದರು. ಕೆಟ್ಟವರೇನಲ್ಲ.

"ನನಗೂ ಮನಸ್ಸಿಲ್ಲ ಯಜಮಾನ್ರೇ. ಹಾಗೇ ಬಿಟ್ರೆ ಪರಿಹಾರನೂ ತಗೊಂಡು ಕಂಬದ ಹತ್ರ ಬಲೆನೂ ಹಾಕ್ತಾರೆ ಅಂತಾರೆ ಮೇಲಿನವರು. ಒಡೆಯೋ ಫೋಟೋ ಕೇಳ್ತಾರೆ."

"ಸರಿ ಸಾರ್. ಆಮೇಲೆ ಈ ಕೈಗೆ ಬೇರೆ ಕೆಲಸ ಏನಾದ್ರೂ ಕೊಡ್ತೀರಾ?"

"ಅದು ನಮ್ಮ ಇಲಾಖೆಗೆ ಬರಲ್ಲ."

ಅಪ್ಪ ಕೊಡಲಿ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಮೆಲ್ಲಗೆ ಇಳಿಸಿ, ದೋಣಿಯೊಳಗೆ ಬಗ್ಗಿ, ತಳದಲ್ಲಿ ನಿಂತಿದ್ದ ಒಂದು ಬೊಗಸೆ ನೀರನ್ನು ಎತ್ತಿ ಹೊರಗೆ ಚೆಲ್ಲಿದ. ದಿನಾ ಸಮುದ್ರಕ್ಕೆ ಇಳಿಯುವ ಮುಂಚೆ ಮಾಡುತ್ತಿದ್ದ ಹಾಗೆಯೇ.

ಇಲ್ಲಿ ನನ್ನ ಡೈಲಾಗು ಬರಬೇಕಿತ್ತು, ಅಲ್ಲವೇ?

ನಿಜ ಹೇಳಿಬಿಡುತ್ತೇನೆ. ಬರಲಿಲ್ಲ. ಬಾಯಿ ತೆರೆದೆ, ಪಕ್ಕದಲ್ಲಿ ನಿಂತಿದ್ದ ಅಮ್ಮನ ಮುಖ ಕಂಡಿತು, ಮುಚ್ಚಿದೆ. "ಮಗ ಒಡೆದ್ರೂ ನಡೆಯುತ್ತೆ," ಅಂದರು ಅಧಿಕಾರಿ, ಫೋನು ಎತ್ತಿ ಹಿಡಿದು. ಅಪ್ಪನ ಕೈಯಿಂದ ಕೊಡಲಿ ಬಿಡಿಸಿಕೊಂಡೆ. ಮೊದಲ ಏಟು ನನ್ನದೇ. ಹಲಗೆ ಜಗ್ಗಲಿಲ್ಲ, ಕೊಡಲಿ ಪುಟಿದು ಬಂತು. ಮತ್ತೆ ಹೊಡೆದೆ. ಮತ್ತೆ ಪುಟಿಯಿತು.

ಅಪ್ಪ ಹತ್ತಿರ ಬಂದು, ನಿನ್ನೆ ತಾನೇ ಮೆತ್ತಿದ್ದ ಸಂದಿಯ ಮೇಲೆ ಬೆರಳಿಟ್ಟ.

"ಅಲ್ಲಿ ಗಟ್ಟಿ ಇದೆ ಮಗಾ. ಇಲ್ಲಿ ಹೊಡಿ."