ನೀಲಿಯೊಳಗಿನ ಕೆಂಪೆಳೆ

ಪ್ಲೇಗು ಬಂದು ಹೋದ ಮೂರನೆಯ ವರ್ಷ. ರಾಮದುರ್ಗದ ನೇಕಾರರ ಓಣಿಯಲ್ಲಿ ತಾಯವ್ವ ಗಂಡನ ಮಗ್ಗದ ಮುಂದೆ ಬಗ್ಗಿ ನಿಂತವಳು ನಿಂತೇ ಇದ್ದಳು. ದೊಡವಾಡದ ಮದುಮಗಳ ಸೀರೆ ಒಂದು ಗೇಣು ನೇಯ್ದಾಗಿತ್ತು. ಅಂಚಿನ ಕೆಂಪೆಳೆಯೊಂದು ಪಕ್ಕದ ನೀಲಿಯೊಳಗೆ ಸೇರಿ ಕೂದಲಿನಷ್ಟು ತೆಳ್ಳಗೆ ಓಡುತ್ತಿತ್ತು.

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಳೆಯ ಹಾಸಿನ ತುದಿಗೆ ಹೊಸ ಎಳೆಗಳನ್ನು, ಜಾರದಂತೆ ಬೂದಿ ಹಚ್ಚಿದ ಬೆರಳಿನಿಂದ, ಒಂದೊಂದಾಗಿ ಹೊಸೆದು ಕೂಡಿಸುವುದು ಅವಳ ಕೆಲಸ. ಅಡುಗೆ ಅತ್ತೆಯದು, ದನ ನೆಗೆಣ್ಣಿ ಕೃಷ್ಣವ್ವನದು. ತನ್ನದು ಅಂತ ಇದ್ದದ್ದು ಇದೊಂದೇ. ಅದನ್ನೂ ಎಂದೂ ಬಹಳ ಚೆನ್ನಾಗಿ ಮಾಡಿದವಳಲ್ಲ, ಕೆಡಿಸಿದವಳೂ ಅಲ್ಲ. ಈ ತಪ್ಪು ಹೇಳಿದರೆ ಅತ್ತೆ ಈ ಕೆಲಸವನ್ನೂ ಕಸಿದುಕೊಳ್ಳುವುದು ಖಂಡಿತ. ಗಂಡನ ಕಣ್ಣು ಮಂಜು. ಹೇಳದಿದ್ದರೆ ಯಾರಿಗೂ ಗೊತ್ತಾಗದು. ಆದರೂ ಅವಳು ಗಂಡನನ್ನು ಕರೆದಳು.

"ಏನ್ರಿ, ಎಳಿ ತಪ್ಪೇತಿ. ನಾನ ಕೂಡಿಸಿದ್ದು."

ಗಂಡ ಹಣಮಂತಪ್ಪ ಮೂಗು ತಾಗುವಷ್ಟು ಬಗ್ಗಿ ನೋಡಿ ನಕ್ಕ. "ಹುಚ್ಚಿ! ಉಟ್ಟಾಕಿ ನಿರಗಿ ಬಿಡಿಸಿ ಯಾವ ನೋಡತಾನ? ಹಂಗ ನೋಡಾವ ಇದ್ರ ಅವನ್ನ ಮೊದಲ ಒದಿಬೇಕು."

ಕ್ಷಮಿಸಿದ್ದಾಯಿತು. ಹಗುರಾಗಬೇಕಿತ್ತು, ಆಗಲಿಲ್ಲ. ಇದು ಸೊಕ್ಕೋ, ನಾಚಿಕೆಯೋ ತಿಳಿಯದೆ ಅವಳು ಅಡ್ಡಕ್ಕೆ ನೇಯ್ದ ಹೊಕ್ಕಿನ ಎಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಬಿಚ್ಚತೊಡಗಿದಳು.

"ಏ, ಎರಡ ದಿನದ ಕೆಲಸ ಅದು!" ಗಂಡ ಕೂಗಿದ.

ಕೂಗಿಗೆ ಅತ್ತೆ ಸತ್ಯವ್ವ ಹಿಟ್ಟಿನ ಕೈಯಲ್ಲೇ ಹೊರಬಂದಳು. "ಇಪ್ಪತ್ತ ವರ್ಷ ಕುಂತಾಳ, ಇನ್ನೂ ಕೆಂಪ ಯಾವುದು, ನೀಲಿ ಯಾವುದು ತಿಳಿವಲ್ದು ನಮ್ಮವ್ವಗ. ಮುಂದಿನ ಹಾಸು ಕೃಷ್ಣವ್ವ ಕೂಡಸ್ಲಿ. ನೀ ದನಾ ನೋಡ್ಕೊ."

"ಆತ್ರಿ," ಎಂದಳು ತಾಯವ್ವ. ಕೈ ನಿಲ್ಲಲಿಲ್ಲ.

ಅದಲುಬದಲಾಗಿದ್ದ ಕೆಂಪು, ನೀಲಿ ಎಳೆಗಳೆರಡನ್ನೂ ಕತ್ತರಿಸಿ ಸರಿಯಾಗಿ ಕೂಡಿಸಿದ ಮೇಲೂ ಅವಳು ಮಗ್ಗ ಬಿಟ್ಟು ಹೋಗಲಿಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ ಪ್ರತಿ ಗಂಟನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಸಡಿಲಾದವು ಏಳು ಸಿಕ್ಕವು. ಏಳನ್ನೂ ಹೊಸೆದಳು. ಯಾರೂ ಹೇಳಿರಲಿಲ್ಲ.

ಹತ್ತು ದಿನಕ್ಕೆ ಹೊಸ ಹಾಸು ಬಂತು. ನೆಗೆಣ್ಣಿ ಕೃಷ್ಣವ್ವ ಬೂದಿಯ ಬಟ್ಟಲಿಟ್ಟುಕೊಂಡು ಕೂತಳು. ಸಗಣಿಯ ಬುಟ್ಟಿ ಹೊತ್ತು ಹೊರಟಿದ್ದ ತಾಯವ್ವ ಬಾಗಿಲಲ್ಲಿ ನಿಂತಳು. ಆ ಕೈ ಚುರುಕಾಗಿತ್ತು, ತನಗಿಂತ ಚುರುಕು. ಅಷ್ಟರಲ್ಲಿ ಎಂಟನೆಯ ಎಳೆ ಸಡಿಲಾದದ್ದು ಕಂಡಿತು.

"ಬಿಚ್ಚ ಅದನ್ನ," ಎಂದಳು.

ಕೃಷ್ಣವ್ವ ಹುಬ್ಬೇರಿಸಿದಳು. "ಹ್ಯಾಂಗರ ನಡಿತೈತಿ ಬಿಡ ಯಕ್ಕಾ."

"ನಡಿಯೂದಿಲ್ಲ."

ಅಷ್ಟು ಗಟ್ಟಿಯಾಗಿ ಆಡಿದವಳು ತಾನೇ ಎಂದು ತಾಯವ್ವನಿಗೆ ನಂಬಿಕೆಯಾಗಲಿಲ್ಲ. ಅತ್ತೆ ಕೇಳಿಸಿಕೊಂಡಳೇನೋ ಎಂದು ಒಳಗೆ ನೋಡಿದಳು. ಕೃಷ್ಣವ್ವ ಗೊಣಗುತ್ತಲೇ ಎಳೆ ಬಿಚ್ಚಿದಳು. ತಾಯವ್ವ ಬುಟ್ಟಿ ಇಳಿಸಿ, ಸಗಣಿಯ ಕೈ ಬೆನ್ನ ಹಿಂದಿಟ್ಟುಕೊಂಡು, ಅದು ಮತ್ತೆ ಕೂಡುವವರೆಗೂ ನಿಂತೇ ಇದ್ದಳು.