ಮೇಸ್ತ್ರಿಯ ಗುಡಾರ

"ಇಟ್ಟಿಗೆ ಇಳಿಸ್ಬೇಡ ಕಣ್ಲಾ," ಎಂದು ಚರ್ಚಿನ ಉಪದೇಶಿ ಕೂಗುವಷ್ಟರಲ್ಲಿ ಬಸವೇಶ ಅರ್ಧ ಗಾಡಿ ಖಾಲಿ ಮಾಡಿದ್ದ. ಹನೂರಿನ ಕ್ರೈಸ್ತರ ಸ್ಮಶಾನದಲ್ಲಿ ಸವರಿಯಪ್ಪ ಮೇಸ್ತ್ರಿಗೆ ಆಗಷ್ಟೇ ಮಣ್ಣಾಗಿತ್ತು. ಬಂದಿದ್ದವರು ಏಳು ಜನ. ಊರಿನ ಅರ್ಧ ಮನೆಗಳ ಗೋಡೆ ಎಬ್ಬಿಸಿದವನಿಗೆ ಬರೀ ಏಳು ಜನ.

"ನಾನೇ ತರ್ಸಿದ್ದು," ಎಂದಳು ಮೇಸ್ತ್ರಿಯ ಮಗಳು ಲೂರ್ದಮ್ಮ. "ಬದುಕಿರೋಗಂಟ ಟಾರ್ಪಾಲ್ ಕೆಳಗಿದ್ದ. ಸತ್ತ ಮ್ಯಾಕಾದ್ರೂ ಒಂದು ಗೋರಿ ಇರ್ಲಿ."

"ಬ್ಯಾಡ ಅಂದಿದ್ದ ಕಣವ್ವ ನಿಮ್ಮಪ್ಪ," ಎಂದರು ಉಪದೇಶಿ.

* * *

ಸವರಿಯಪ್ಪನ ಅಪ್ಪನಿಗೆ ಓದು ಬರುತ್ತಿರಲಿಲ್ಲ. ಬೈಬಲಿನ ರೇಕಾಬ್ಯರೆಂಬ ಮನೆತನದ ಕತೆಯನ್ನು ಯಾರೋ ಓದಿದ್ದನ್ನು ಕೇಳಿದ್ದ. ಕುಡಿಯಬೇಡಿ, ಮನೆ ಕಟ್ಟಿಕೊಳ್ಳಬೇಡಿ, ಗುಡಾರದಲ್ಲೇ ಬಾಳಿ ಎಂದು ಅವರ ಹಿರಿಯ ಹೇಳಿದ್ದನಂತೆ. ಅವರು ಹಾಗೇ ಬಾಳಿದರಂತೆ. ಅದು ಎಲ್ಲ ಕ್ರೈಸ್ತರಿಗೂ ಹೇಳಿದ್ದೆಂದೇ ತಿಳಿದ ಪುಣ್ಯಾತ್ಮ, ಮಗನಿಂದ ಮಾತು ತಗೊಂಡು ಸತ್ತ.

ಸವರಿಯಪ್ಪನ ಹೆಂಡತಿ ಪ್ರೇಮಾ ಕೇಳಿದ್ದು ಅರಮನೆಯನ್ನಲ್ಲ. ಚಿಲಕ ಇರುವ ಒಂದು ಬಾಗಿಲು, ಅಷ್ಟೇ. ಕೇಳೀ ಕೇಳೀ ಗುಡಾರದಲ್ಲೇ ಕಣ್ಣು ಮುಚ್ಚಿದಳು. ಅವಳ ಮಣ್ಣು ಮುಗಿಸಿ ಕೊಳ್ಳೇಗಾಲದ ಗಂಡನ ಮನೆಗೆ ಹೋದ ಲೂರ್ದಮ್ಮ, ಹನ್ನೊಂದು ವರ್ಷ ಈ ಕಡೆ ತಲೆ ಹಾಕಲಿಲ್ಲ.

* * *

"ಅದು ರೇಕಾಬನ ಮನೆಯೋರ್ಗೆ ಮಾತ್ರ ಹೇಳಿದ್ದು ಅಂತ ಯಾರೂ ಹೇಳ್ಲಿಲ್ವಾ?" ಲೂರ್ದಮ್ಮ ಉಪದೇಶಿಯನ್ನು ಕೇಳಿದಳು.

"ನಾನೇ ಹೇಳ್ದೆ, ಮೂವತ್ತು ವರ್ಸದ ಹಿಂದೆ. 'ಗೊತ್ತು ಸಾ, ಆದ್ರೆ ನಂಗೆ ಹೇಳಿದ್ದು ರೇಕಾಬ ಅಲ್ಲ, ನಮ್ಮಪ್ಪ' ಅಂದ."

"ಮತ್ತೆ ಅವ್ವ ಏನ್ ಪಾಪ ಮಾಡಿದ್ಲು?"

ಉಪದೇಶಿ ಪಕ್ಕಕ್ಕೆ ಕೈ ತೋರಿಸಿದರು. ಸುಣ್ಣ ಬಳಿದ ಇಟ್ಟಿಗೆ ಗೋರಿ, ಮೇಲೆ ಅವ್ವನ ಹೆಸರು. ಹನ್ನೊಂದು ವರ್ಷದ ಹಿಂದೆ ಅಲ್ಲಿ ಬರೀ ಮಣ್ಣಿನ ದಿಬ್ಬವಿತ್ತು; ಇವತ್ತಿನ ಗಡಿಬಿಡಿಯಲ್ಲಿ ಲೂರ್ದಮ್ಮ ಅತ್ತ ನೋಡಿಯೇ ಇರಲಿಲ್ಲ. ತಲೆಯ ಕಡೆ ಗೇಣುದ್ದದ ಮರದ ಬಾಗಿಲು, ಅದಕ್ಕೆ ಹಿತ್ತಾಳೆ ಚಿಲಕ. ಬೆರಳಿಟ್ಟಳು. ಎಣ್ಣೆ ಕಂಡ ಚಿಲಕ ಸಲೀಸಾಗಿ ಸರಿಯಿತು.

"ಒಬ್ರೇ ಕಟ್ಟಿದ್ರು," ಎಂದ ಬಸವೇಶ, ಮೇಸ್ತ್ರಿಯ ಕೈಕೆಳಗೇ ಗಾರೆ ಕೆಲಸ ಕಲಿತವನು. "ನನ್ನೂ ಮುಟ್ಟಕ್ಕೆ ಬಿಡ್ಲಿಲ್ಲ. 'ಅಪ್ಪನ ಮಾತು ನಂಗೆ ಕಣ್ಲಾ, ಅವ್ಳಿಗಲ್ಲ. ತಿಳಿಯೋದು ತಡವಾಯ್ತು' ಅಂದ್ರು."

ಲೂರ್ದಮ್ಮ ಗೋರಿಯ ಪಕ್ಕ ಕೂತಳು. ಸಿಟ್ಟು ಮಾಡಿಕೊಳ್ಳಲು ಇದ್ದ ಒಬ್ಬನೂ ಹೋಗಿದ್ದ. ಇನ್ನು ತವರಲ್ಲಿ ಅವಳಿಗೆ ಯಾರೂ ಇರಲಿಲ್ಲ.

"ಇಟ್ಟಿಗೆ ವಾಪಸ್ ತಕಂಡೋಗು ಬಸವೇಶ," ಎಂದಳು ಕೊನೆಗೆ. "ನಾಕು ಬಿಟ್ಟೋಗು."

ಎಲ್ಲರೂ ಹೋದ ಮೇಲೆ ಅಪ್ಪನ ಗುಡಾರಕ್ಕೆ ನಡೆದು, ಟಾರ್ಪಾಲು ಬಿಚ್ಚಿ ತಂದಳು. ಹಸಿ ಮಣ್ಣಿನ ಮೇಲೆ ಹಾಸಿ, ನಾಲ್ಕು ಮೂಲೆಗೂ ಒಂದೊಂದು ಇಟ್ಟಿಗೆ ಇಟ್ಟಳು. ಗಾಳಿಗೆ ಟಾರ್ಪಾಲು ಒಮ್ಮೆ ಉಬ್ಬಿ ಕೂತಿತು. ಆಮೇಲೆ ಅವಳು ಪಕ್ಕಕ್ಕೆ ತಿರುಗಿ ಅವ್ವನ ಬಾಗಿಲಿನ ಚಿಲಕ ಹಾಕಿದಳು.